ಜಾಯಿಂಟ್ ಭಾಯ್ ಅವರ ಮೂರು ದಿನ

ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆಯಲ್ಲಿ ಅಂಗಡಿ ಕೈ ಬದಲಾದರೆ ಮೊದಲು ಇಳಿಯುವುದು ನಾಮಫಲಕ, ಆಮೇಲೆ ಸೀಲಿಂಗು. ಹಳೆಯ ಜಿಪ್ಸಮ್ ಹಾಳೆಗಳು ಮೂಟೆಯಾಗಿ ಲಾರಿ ಹತ್ತುತ್ತವೆ, ಹೊಸವು ಆಟೋದಲ್ಲಿ ಬಂದಿಳಿಯುತ್ತವೆ. ಕೆ.ಆರ್.ಪುರದ ಅಪಾರ್ಟ್‌ಮೆಂಟುಗಳಲ್ಲಂತೂ ಗೃಹಪ್ರವೇಶಕ್ಕೆ ಮೊದಲೇ ಫಾಲ್ಸ್ ಸೀಲಿಂಗ್ ಆಗಿಬಿಟ್ಟಿರುತ್ತದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದರ ನಡುವೆ ಕೂದಲೆಳೆಯ ಬಿರುಕು. ದೀಪಾವಳಿಗೆ ಬಣ್ಣ ಹೊಡೆಸುತ್ತಾರೆ, ಯುಗಾದಿಗೆ ಬಿರುಕು ಮತ್ತೆ ಹಾಜರು.

ಈ ಬಿರುಕುಗಳ ವೈದ್ಯರೊಬ್ಬರು ಶಿವಾಜಿನಗರದಲ್ಲಿದ್ದಾರೆ. ಹೆಸರು ಬರೆಯುವುದು ಬೇಡವೆಂದರು. ಗಿರಾಕಿಗಳಿಗೆ ಅವರು ಬರೀ ‘ಜಾಯಿಂಟ್ ಭಾಯ್’. ಹಲಸೂರಿನ ಒಂದು ಮನೆಯಲ್ಲಿ ಅವರ ಕೆಲಸ ನೋಡಲೆಂದೇ ಹೋಗಿದ್ದೆ. ಬಂದವರು ಚೀಲ ಬಿಚ್ಚಲಿಲ್ಲ. ಕಿಟಕಿಯ ಪರದೆ ಎಳೆದು, ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಸೀಲಿಂಗಿಗೆ ತಾಗಿಸಿದಂತೆ ಅಡ್ಡ ಹಿಡಿದರು. ಅಲ್ಲಿಯವರೆಗೆ ನುಣ್ಣಗೆ ಕಾಣುತ್ತಿದ್ದ ಸೀಲಿಂಗಿನಲ್ಲಿ ಉಬ್ಬು, ತಗ್ಗು, ಸ್ಕ್ರೂ ತಲೆ, ಉದ್ದಕ್ಕೂ ಓಡಿದ ಜಾಯಿಂಟು ಎಲ್ಲವೂ ನೆರಳು ಬಿಟ್ಟು ಎದ್ದವು. ಮನೆಯೊಡತಿಗೆ ಗಾಬರಿ. “ಹೆದರ್ಬೇಡಿ ಅಮ್ಮ, ಟಾರ್ಚ್ ಹಿಡಿದ್ರೆ ಎಲ್ರ ಮನೇದೂ ಹೀಗೇ” ಎಂದರು ಭಾಯ್. ಆಮೇಲೆ ಬಿರುಕಿನ ಪಕ್ಕ ಬೆರಳ ಗೆಣ್ಣಿನಿಂದ ಕುಟ್ಟುತ್ತಾ ಹೋದರು. ಹಾಳೆ ಅಲುಗಿದ ಕಡೆ ಪೆನ್ಸಿಲ್ ಗುರುತು. ಅಲ್ಲಿ ಒಳಗಿನ ಕಬ್ಬಿಣದ ಚಾನಲ್‌ಗೆ ಸ್ಕ್ರೂ ಸರಿಯಾಗಿ ಕಚ್ಚಿಲ್ಲವೆಂದು ಅರ್ಥ. ಅಲುಗಾಡುವ ಹಾಳೆಯ ಮೇಲೆ ಎಷ್ಟು ಮೆತ್ತಿದರೂ ದಂಡ.

ಅವರ ತಂದೆ ಗಾರೆ ಮೇಸ್ತ್ರಿ. 1898ರ ಪ್ಲೇಗಿನ ನಂತರ ಬೆಳೆದ ಫ್ರೇಜರ್ ಟೌನಿನ ಬಂಗಲೆಗಳಲ್ಲಿ ಸುಣ್ಣದ ಗೋಡೆ ದುರಸ್ತಿ ಮಾಡಿದವರು. ಸುಣ್ಣ ವಾರಗಟ್ಟಲೆ ನೀರಲ್ಲಿ ಕೊಳೆಯಬೇಕು, ಅಳಲೆಕಾಯಿ ನೀರು, ಬೆಲ್ಲದ ನೀರು ಬೀಳಬೇಕು, ಪದರದ ಮೇಲೆ ಪದರ ಕೂರಬೇಕು. ಆ ಬಂಗಲೆಗಳು ಒಂದೊಂದಾಗಿ ಹೋದವು, ಮಗ ಜಿಪ್ಸಮ್ಮಿಗೆ ಬಂದರು. ಕಾಗದದ ನಡುವೆ ಜಿಪ್ಸಮ್ ಇಟ್ಟ ಹಲಗೆಗೆ ಅಮೆರಿಕದ ಆಗಸ್ಟಿನ್ ಸ್ಯಾಕೆಟ್ ಪೇಟೆಂಟ್ ಪಡೆದದ್ದು 1894ರಲ್ಲಿ. ಅಲ್ಲಿ ಮನೆಯ ಗೋಡೆಯೇ ಅದು. ನಮ್ಮಲ್ಲಿ ತಲೆಯ ಮೇಲಿನ ಸೀಲಿಂಗು, ಆಫೀಸಿನ ಪಾರ್ಟಿಷನ್ನು.

ಹಾಳೆ ಸಾಮಾನ್ಯವಾಗಿ ಆರಡಿಗೆ ನಾಲ್ಕಡಿ, ದಪ್ಪ 12.5 ಮಿಲಿಮೀಟರ್. ಹನ್ನೆರಡಕ್ಕೆ ಹತ್ತಡಿಯ ಕೋಣೆಗೆ ಐದು ಹಾಳೆ, ಮೂವತ್ತಡಿ ಮೀರಿದ ಜಾಯಿಂಟು. ಉದ್ದದ ಅಂಚು ಒಂಚೂರು ಇಳಿಜಾರಾಗಿರುತ್ತದೆ, ಮೆತ್ತಿದ್ದು ಆ ತಗ್ಗಿನಲ್ಲಿ ಕೂರಲೆಂದು. ಕತ್ತರಿಸಿದ ಅಂಚಿಗೆ ಆ ತಗ್ಗಿಲ್ಲ. ಅಲ್ಲಿ ಒಂದೂವರೆ ಅಡಿ ಅಗಲಕ್ಕೆ ತೆಳುವಾಗಿ ಎಳೆದು ಉಬ್ಬನ್ನು ಮರೆಸಬೇಕು.

ಮನೆಯಲ್ಲೇ ಮಾಡಿಕೊಳ್ಳುವವರಿಗೂ ಭಾಯ್ ಕ್ರಮವೇ ಸಾಕು. ಸೋರುವ ಪೈಪಿದ್ದರೆ ಮೊದಲು ಅದನ್ನು ನಿಲ್ಲಿಸಿ. ನೆನೆದು ಜೋತ ಹಾಳೆಗೆ ಮದ್ದಿಲ್ಲ, ಕತ್ತರಿಸಿ ಹೊಸ ತುಂಡು ಹಾಕಬೇಕು. ಬಿರುಕನ್ನು ಕಟರ್‌ನಿಂದ ಅಗಲಿಸಿ, ಎದ್ದ ಟೇಪ್ ಕಿತ್ತು, ಧೂಳು ಗುಡಿಸಿ. ಸ್ಕ್ರೂ ತಲೆ ಕಾಗದ ಹರಿಯದಂತೆ ಕೂದಲಷ್ಟು ಒಳಗಿಳಿಯಲಿ. ಜಾಯಿಂಟ್ ಕಾಂಪೌಂಡ್ ಬಳಿದು, ಹಸಿಯಿರುವಾಗಲೇ ಪೇಪರ್ ಟೇಪ್ ಇಟ್ಟು, ಬ್ಲೇಡಿನಿಂದ ನಡುವಿನಿಂದ ಹೊರಕ್ಕೆ ಒತ್ತಿ. ಗುಳ್ಳೆ ಎದ್ದರೆ ಅಡಿಯಲ್ಲಿ ಕಾಂಪೌಂಡ್ ಇಲ್ಲವೆಂದೇ ಲೆಕ್ಕ. ಅದು ಪೂರ್ತಿ ಒಣಗಿದ ಮೇಲೆ ಎರಡನೆಯ ಕೋಟು, ಇನ್ನಷ್ಟು ಅಗಲ. ಅದೂ ಒಣಗಿದ ಮೇಲೆ ಮೂರನೆಯದು, ಒಂದಡಿಯವರೆಗೆ. ಕೊನೆಗೆ 220 ನಂಬರಿನ ಸ್ಯಾಂಡ್‌ಪೇಪರ್ ಹಗುರವಾಗಿ, ಮಾಸ್ಕ್ ಹಾಕಿಕೊಂಡು. ಮತ್ತೆ ಟಾರ್ಚ್, ಪ್ರೈಮರ್, ಬಣ್ಣ. ಕೋಟು ಕೋಟಿನ ನಡುವೆ ಒಂದು ದಿನ ಬಿಡಬೇಕು, ಬೆಂಗಳೂರಿನ ಜುಲೈ ತಿಂಗಳಲ್ಲಿ ಇನ್ನೂ ಹೆಚ್ಚು.

ಎಡವಟ್ಟಾಗುವುದು ಇಲ್ಲೇ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಕಲಸಿದರೆ ಕಾಲು ಗಂಟೆಯೊಳಗೆ ಗಟ್ಟಿಯಾಗುತ್ತದೆ. ಟೇಪ್ ಬಿಟ್ಟು ಅದನ್ನೇ ತುಂಬಿ, ಸಂಜೆಗೆ ಪುಟ್ಟಿ ಎಳೆದರೆ ಒಂದೇ ದಿನದಲ್ಲಿ ಕೆಲಸ ಮುಗಿಯಿತು. ನೋಡಲು ಅಚ್ಚುಕಟ್ಟು; ಆದರೆ ಗಡುಸು ಪಿಒಪಿ ಹಾಳೆಯ ಸಣ್ಣ ಅಲುಗಾಟವನ್ನೂ ತಾಳದು. ಇದಕ್ಕೆ ಕೆಲಸದ ಹುಡುಗರನ್ನು ಬೈಯುವುದು ಅನ್ಯಾಯ. ಬಿಹಾರದಿಂದಲೋ ಬಂಗಾಳದಿಂದಲೋ ಬಂದು ಸೈಟಿನಲ್ಲೇ ಮಲಗುವ ಅವರಿಗೆ ಸಿಗುವುದು ಚದರಡಿ ಲೆಕ್ಕದ ಕೂಲಿ. ಒಣಗಲು ಬಿಟ್ಟ ದಿನಕ್ಕೆ ಚದರಡಿ ಎಲ್ಲಿಂದ ಬರಬೇಕು? ಕೊಟೇಶನ್ನಿನಲ್ಲಿ ದೀಪಕ್ಕೆ, ಕೋವ್‌ಗೆ, ಬಣ್ಣಕ್ಕೆ ಸಾಲುಗಳಿರುತ್ತವೆ. ಟೇಪಿಗೂ ಮೂರು ಕೋಟುಗಳಿಗೂ ಒಂದು ಸಾಲು ಬರೆಸಿಕೊಳ್ಳಿ ಎಂದು ನಾನಾದರೂ ಹೇಳುತ್ತೇನೆ.

ಭಾಯ್ ಚದರಡಿಗೆ ಬರುವುದಿಲ್ಲ, ದಿನಗೂಲಿಗೇ ಬರುತ್ತಾರೆ. ಹಾಗಾಗಿ ಹೊಸ ಸೀಲಿಂಗಿಗೆ ಅವರನ್ನು ಕರೆಯುವವರು ಕಡಿಮೆಯಾಗಿದ್ದಾರೆ, ರಿಪೇರಿಯೇ ಹೆಚ್ಚು. ನಾನಿದ್ದಾಗಲೇ ಕೆ.ಆರ್.ಪುರದಿಂದ ಫೋನು. ಮೂರು ದಿನ ಬೇಕೆಂದರು. ದಿನಕ್ಕೆ ಎಷ್ಟು ಹೊತ್ತು ಕೆಲಸ ಎಂದು ಆ ಕಡೆಯವರು ಕೇಳಿರಬೇಕು. “ಒಂದೂವರೆ ಗಂಟೆ ಸಾರ್, ಉಳಿದದ್ದು ಒಣಗೋದು” ಎಂದರು. ಮನೆಯವರನ್ನು ಕೇಳಿ ಹೇಳುತ್ತೇವೆ ಎಂದರಂತೆ. ಹೀಗೆ ಹೇಳಿದವರು ವಾಪಸು ಫೋನ್ ಮಾಡುವುದುಂಟೇ ಎಂದು ಕೇಳಿದೆ. “ಮಾಡ್ತಾರೆ ಸಾರ್, ಮುಂದಿನ ವರ್ಷ” ಎಂದು ಬ್ಲೇಡ್ ಒರೆಸಿಕೊಂಡರು.