ಗುರುಗುಂಟಾದ ರೊಟ್ಟಿ, ನಮ್ಮ ಲೈನಿನ ಅನ್ನ

ಬೆಳೆಗಾರ ಬಾಂಧವರಿಗೆ ಗೊಬ್ಬರದ ಲೆಕ್ಕ ಹೇಳಿಕೊಡಬೇಕಾದ್ದಿಲ್ಲ. ಎಲೆ ಹಳದಿಯಾದರೆ ಗಿಡಕ್ಕೆ ಏನು ಕಡಿಮೆಯಾಗಿದೆಯೆಂದು ದೂರದಿಂದಲೇ ಹೇಳಬಲ್ಲೆವು. ಆದರೆ ಅದೇ ಗಿಡದ ಹಣ್ಣು ಕೊಯ್ಯುವ ಹೆಣ್ಣುಮಗಳ ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಂಡಿರುವುದು ನಮ್ಮ ಲಕ್ಷ್ಯಕ್ಕೆ ಬರುವುದಿಲ್ಲ. ನನ್ನ ಲಕ್ಷ್ಯಕ್ಕೂ ಬಂದಿರಲಿಲ್ಲ.

ಕುಯ್ಲಿಗೆ ಜನ ಸಾಲದೆ ಎರಡು ವರ್ಷದ ಹಿಂದೆ ಮೇಸ್ತ್ರಿಯ ಜತೆ ರಾಯಚೂರು ಜಿಲ್ಲೆಯ ಗುರುಗುಂಟಾಕ್ಕೆ ಹೋಗಿದ್ದೆ. ಲಿಂಗಸುಗೂರು ತಾಲ್ಲೂಕಿನ ಊರು. ಹಟ್ಟಿಯ ಚಿನ್ನದ ಗಣಿಯೂ ಅಮರೇಶ್ವರ ದೇವಸ್ಥಾನವೂ ಸಮೀಪ. ಮಧ್ಯಾಹ್ನ ಒಂದು ಮನೆಯಲ್ಲಿ ಊಟಕ್ಕೆ ಕೂರಿಸಿದರು. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆ, ಗುರೆಳ್ಳಿನ ಪುಡಿಗೆ ಎಣ್ಣೆ, ಹಸಿ ಉಳ್ಳಾಗಡ್ಡಿ, ಕೊನೆಗೆ ಮಜ್ಜಿಗೆ. ಬಡವರ ಮನೆಯೇ. ಆದರೂ ಆ ತಟ್ಟೆಯಲ್ಲಿ ಧಾನ್ಯ, ಬೇಳೆ, ಸೊಪ್ಪು, ಎಣ್ಣೆಕಾಳು, ಹೈನು ಎಲ್ಲವೂ ಇದ್ದವು. ಎಲ್ಲರ ಮನೆಯಲ್ಲೂ ದಿನವೂ ಹೀಗೇ ಇರುತ್ತದೆಂದು ನಾನು ಹೇಳಲಾರೆ; ಅತಿಥಿಗೆಂದು ಒಂದೆರಡು ಹೆಚ್ಚಾಗಿಯೂ ಇದ್ದಿರಬಹುದು.

ಅದೇ ಮನೆಯವರು ನಮ್ಮ ತೋಟಕ್ಕೆ ಬಂದಾಗ ಒಂದು ಚೀಲ ಖಡಕ್ ರೊಟ್ಟಿ, ಡಬ್ಬಿ ತುಂಬ ಶೇಂಗಾ ಹಿಂಡಿ ತಂದಿದ್ದರು. ಹದಿನೈದು ದಿನಕ್ಕೆ ಅದು ಮುಗಿಯಿತು. ಆಮೇಲೆ ಮೂರು ಹೊತ್ತೂ ಅನ್ನ, ಮೇಲೆ ಖಾರದ ತಿಳಿಸಾರು, ಅದರ ಹಿಂದೆಯೇ ಒಂದು ಲೋಟ ಚಹಾ. ಮಾತಿಗೆ ಕೇಳಿದಾಗ ಆ ಹೆಣ್ಣುಮಗಳು ಹೇಳಿದ್ದು ಹೀಗೆ: 'ಅನ್ನ ಉಂಡ್ರ ಹೊಟ್ಟಿ ತುಂಬತೈತ್ರಿ ಸಾವ್ಕಾರ್ರ, ಹನ್ನೊಂದಕ್ಕ ಮತ್ತ ಹಸಿತೈತಿ. ರೊಟ್ಟಿ ಉಂಡ್ರ ಸಂಜಿಮಟ ನಿಲ್ತೈತ್ರಿ.' ಹನ್ನೊಂದರ ಹಸಿವಿಗೆ ಅವರು ಬಾಯಿಗೆ ಹಾಕಿಕೊಳ್ಳುತ್ತಿದ್ದುದು ಎಲೆ-ಅಡಿಕೆ. ಅಡಿಕೆ ಬೆಳೆಯುವವನಾಗಿ ಇದನ್ನು ಬರೆಯಲು ಮುಜುಗರವಾಗುತ್ತದೆ, ಆದರೆ ಕಂಡದ್ದು ಅದು.

ಆಕೆಯ ಮಾತಿಗೆ ಆಧಾರವಿದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವೂ 4 ಮಿಲಿಗ್ರಾಂ ಕಬ್ಬಿಣವೂ ಇವೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ಸಸಾರಜನಕ ಏಳೆಂಟು ಗ್ರಾಂ, ಕಬ್ಬಿಣ ಒಂದು ಮಿಲಿಗ್ರಾಮಿಗೂ ಕಡಿಮೆ. ಹಾಗೆಂದು ಜೋಳವೇ ಅಮೃತ, ಅಕ್ಕಿ ವಿಷ ಎಂದು ಯಾರೂ ತಿಳಿಯಬಾರದು. ನಮ್ಮ ದೇಶದ ಆಹಾರ ಸಂಶೋಧನೆ ಶುರುವಾದದ್ದು 1918ರಲ್ಲಿ ಕೂನೂರಿನಲ್ಲಿ, ಪಾಲಿಶ್ ಅಕ್ಕಿಯನ್ನೇ ನಂಬಿದವರಿಗೆ ಬರುತ್ತಿದ್ದ ಬೆರಿಬೆರಿ ರೋಗದ ಶೋಧನೆಯಿಂದ. ಆ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಹೋದ ಮೇಲೆ ಅಲ್ಲಿನ ವೈದ್ಯರ ಮುಂದೆ ಬಂದದ್ದು ಜೋಳವನ್ನೇ ನಂಬಿದ ಬಡವರು. ಅವರ ಚರ್ಮ ಕಪ್ಪಾಗಿ ಬಿರಿಯುತ್ತಿತ್ತು, ಭೇದಿ ಹತ್ತುತ್ತಿತ್ತು, ಕೆಲವರಿಗೆ ಬುದ್ಧಿಯೂ ಕಲಕುತ್ತಿತ್ತು. ಪೆಲಗ್ರ ಎಂಬ ರೋಗ ಅದು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶ ನಯಾಸಿನ್ ಜೀವಸತ್ವದ ಬಳಕೆಗೆ ಅಡ್ಡಬರುತ್ತದೆ ಎಂಬ ವಾದವನ್ನು ಡಾ. ಸಿ. ಗೋಪಾಲನ್ ಮತ್ತು ಡಾ. ಶ್ರೀಕಂಠಯ್ಯ 1960ರಲ್ಲಿ ಮುಂದಿಟ್ಟರು. ಧಾನ್ಯ ಯಾವುದೇ ಇರಲಿ, ಒಂಟಿಯಾದರೆ ಕೆಡುಕು. ಗುರುಗುಂಟಾದ ಆ ರೊಟ್ಟಿಯನ್ನು ಕಾಯುತ್ತಿದ್ದುದು ಅದರ ಪಕ್ಕದ ತೊಗರಿ, ಪುಂಡಿಪಲ್ಯ, ಗುರೆಳ್ಳು. ನಮ್ಮ ಲೈನಿಗೆ ಬಂದವರು ಕಳೆದುಕೊಂಡದ್ದು ಬರೀ ಜೋಳವನ್ನಲ್ಲ, ಈ ಜತೆಗಾರರನ್ನೂ.

ರಕ್ತಹೀನತೆಯ ವಿಷಯಕ್ಕೆ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತ ಕಡಿಮೆ. ಐದು ವರ್ಷ ಹಿಂದಿನ ಸಮೀಕ್ಷೆಗಿಂತ ಎರಡೂ ಏರಿವೆ. ಇದಕ್ಕೆ ಕಾಳು-ಸೊಪ್ಪು ಸಾಲದಿರುವುದು ಒಂದು ಕಾರಣ. ತಿಂದದ್ದು ಮೈಗೆ ಹತ್ತದಿರುವುದು ಇನ್ನೊಂದು, ಮತ್ತು ಇಲ್ಲಿ ನಮ್ಮ ಕಾಫಿಯ ಪಾತ್ರವೂ ಇದೆ. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಊಟದ ಜತೆ ಕುಡಿದ ಒಂದು ಲೋಟ ಕಾಫಿ, ಊಟದ ಕಬ್ಬಿಣ ಮೈಗೆ ಹತ್ತುವುದನ್ನು ಶೇ. 39ರಷ್ಟು ತಗ್ಗಿಸಿತು. ಚಹಾ ತಗ್ಗಿಸಿದ್ದು ಶೇ. 64ರಷ್ಟು. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದರೂ ಕಾಫಿಯ ಅಡ್ಡಿ ಅಷ್ಟೇ ಇತ್ತು. ಆದರೆ ಒಂದು ಗಂಟೆ ಮೊದಲು ಕುಡಿದಾಗ ಅಡ್ಡಿಯೇ ಆಗಲಿಲ್ಲ. ಕಾಫಿ ಬಿಡಿ ಎಂದು ಈ ಪತ್ರಿಕೆಯಲ್ಲಿ ಬರೆದರೆ ಸಂಪಾದಕರು ನನ್ನನ್ನೇ ಬಿಟ್ಟಾರು! ಹೊತ್ತು ಬದಲಾಯಿಸಿ ಎನ್ನುತ್ತಿದ್ದೇನೆ ಅಷ್ಟೆ. ನಮ್ಮಲ್ಲಿ ಈಗ ಲೋಟ ಬರುವುದು ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮುನ್ನ ಮತ್ತು ಸಂಜೆ ಹಣ್ಣು ಅಳೆಯುವಾಗ. ಮಧ್ಯಾಹ್ನದ ಬುತ್ತಿಯ ಜತೆ ತೋಟದ್ದೇ ನಿಂಬೆಹಣ್ಣು ಅಥವಾ ನೆಲ್ಲಿಕಾಯಿ ಕೊಡುತ್ತೇವೆ. ಜೋಳ, ಬೇಳೆ, ಸೊಪ್ಪಿನ ಕಬ್ಬಿಣ ಸುಲಭವಾಗಿ ದಕ್ಕುವಂಥದಲ್ಲ, ಹುಳಿಹಣ್ಣಿನ ಸಿ ಜೀವಸತ್ವ ಅದಕ್ಕೆ ನೆರವಾಗುತ್ತದೆ.

ಕೊಕ್ಕೆಹುಳುವನ್ನೂ ಮರೆಯಬಾರದು. ನೆರಳಿನ ತೇವದ ಮಣ್ಣು, ಬರಿಗಾಲು, ಬಯಲುಕಡೆ ಹೋಗುವುದು — ಈ ಮೂರು ಕೂಡಿದರೆ ಎಷ್ಟು ಮಾತ್ರೆ ನುಂಗಿಸಿದರೂ ರಕ್ತ ಹುಳುವಿನ ಪಾಲು. ಲೈನಿನ ಕಕ್ಕಸಿಗೆ ನೀರಿದೆಯೇ ಎಂದು ನೋಡುವುದೂ ಪೌಷ್ಟಿಕತೆಯ ಕೆಲಸವೇ.

ನಾನು ಇಷ್ಟೆಲ್ಲ ಯೋಚಿಸುವಂತಾದದ್ದು ಒಂದು ಮಗುವಿನಿಂದ. ಹದಿನಾಲ್ಕು ತಿಂಗಳ ಕೂಸು. ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ದಿನವಿಡೀ ಸುಮ್ಮನೆ ಮಲಗಿರುತ್ತಿತ್ತು. ಹಟವಿಲ್ಲದ ಮಗು ಎಂದು ಎಲ್ಲರೂ ಮೆಚ್ಚುತ್ತಿದ್ದೆವು. ಅಂಗನವಾಡಿ ನಮಗೆ ಮೂರೂವರೆ ಕಿಲೋಮೀಟರು. ಕಾರ್ಯಕರ್ತೆಯನ್ನು ಜೀಪು ಕಳಿಸಿ ಕರೆಸಿದೆ. ಅವರು ತೋಳಿನ ನಡುವೆ ಪಟ್ಟಿ ಸುತ್ತಿ ಅಳೆದರು. ಪಟ್ಟಿಯಲ್ಲಿ ಹನ್ನೆರಡೂವರೆ ಸೆಂಟಿಮೀಟರಿಗೆ ಮೇಲೆ ಹಸಿರು, ಹನ್ನೊಂದೂವರೆಗೆ ಕೆಳಗೆ ಕೆಂಪು, ನಡುವೆ ಹಳದಿ. ಕೂಸಿನ ತೋಳು ಹನ್ನೆರಡು ಇತ್ತು. ಸುಮ್ಮನೆ ಮಲಗಿದ್ದುದು ಗುಣದಿಂದಲ್ಲ, ಶಕ್ತಿಯಿಲ್ಲದೆ.

ತಾಯಿ ಉಣ್ಣಿಸುತ್ತಿರಲಿಲ್ಲವೆಂದಲ್ಲ. ಕಿಲೋ ಲೆಕ್ಕದಲ್ಲಿ ಕೊಯ್ಯುವವಳು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಉಣ್ಣಿಸುತ್ತಿದ್ದಳು. ನಡುವೆ ಮೊಲೆಹಾಲು, ಚಹಾದಲ್ಲಿ ಅದ್ದಿದ ಬಿಸ್ಕತ್ತು. ಆ ವಯಸ್ಸಿನ ಮಗುವಿನ ಹೊಟ್ಟೆ ಸಣ್ಣದು. ಎದೆಹಾಲಿನ ಜತೆ ದಿನಕ್ಕೆ ಮೂರು ನಾಲ್ಕು ಸಲ ಗಟ್ಟಿ ಆಹಾರ, ನಡುವೆ ಒಂದೆರಡು ಸಲ ಚಿಕ್ಕ ತಿಂಡಿ ಬೇಕು. ಹುಟ್ಟಿ ಎರಡು ವರ್ಷದೊಳಗೆ ಕುಗ್ಗಿದ ಬೆಳವಣಿಗೆ ಮುಂದೆ ಪೂರ್ತಿ ತುಂಬಿಬರುವುದು ಕಷ್ಟ. ತೋಟದಲ್ಲಿ ಕೂಸಿನ ಮನೆ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿದ್ದು ದೊಡ್ಡ ತೋಟಗಳಿಗೆ. ಹತ್ತು ಹದಿನೈದು ಎಕರೆಯ ನಮ್ಮಂಥವರು ಅದು ನಮಗಲ್ಲ ಎಂದು ಕೈತೊಳೆದುಕೊಂಡೆವು. ಈಗ ಲೈನಿನ ಒಬ್ಬ ಅಜ್ಜಿಗೆ ದಿನಗೂಲಿ ಕೊಟ್ಟು ಐದು ಮಕ್ಕಳನ್ನು ನೋಡಿಕೊಳ್ಳಲು ಇಟ್ಟಿದ್ದೇನೆ. ಹೆಸರುಬೇಳೆ ಹಾಕಿದ ಗಟ್ಟಿ ಗಂಜಿಗೆ ಒಂದು ಚಮಚ ಎಣ್ಣೆ, ಹಿಸುಕಿದ ಬಾಳೆಹಣ್ಣು, ಒಂದು ಮೊಟ್ಟೆ. ಒಬ್ಬ ಕೊಯ್ಯುವವರ ಕೂಲಿ ಹೋಗುತ್ತದೆ, ನಿಜ. ಆದರೆ ಹನ್ನೊಂದು ಗಂಟೆಗೆ ತಾಯಂದಿರು ಬುಟ್ಟಿ ಬಿಟ್ಟು ಓಡಿಬರುವುದು ನಿಂತಿದೆ. ಆ ಕೂಸಿನ ತೋಳು ಎರಡು ತಿಂಗಳಿಗೆ ಹಸಿರಿಗೆ ಬಂತು.

ಜೋಳದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಕೇಳಿದವರು ಹಲವರಿದ್ದಾರೆ. ಒಬ್ಬರಿಗೆ ದಿನಕ್ಕೆ 400 ಗ್ರಾಂ ಹಿಟ್ಟೆಂದರೆ ಇಪ್ಪತ್ತು ಜನಕ್ಕೆ 8 ಕಿಲೋ. ಅರವತ್ತು ದಿನದ ಕುಯ್ಲಿಗೆ ಐದು ಕ್ವಿಂಟಾಲಿಗೆ ಸ್ವಲ್ಪ ಕಡಿಮೆ. ಒಂದು ಹೊತ್ತು ಅನ್ನವಾದರೆ ಇನ್ನೂ ಕಡಿಮೆ ಸಾಕು. ಜನ ಬರುವ ಗಾಡಿಯಲ್ಲೇ ಮೂಟೆಗಳನ್ನೂ ಹಾಕಿಸಿಕೊಂಡು ಬರಲು ಮೇಸ್ತ್ರಿಗೆ ಮುಂಗಡ ಕೊಟ್ಟಿದ್ದೇನೆ. ಹಿಟ್ಟನ್ನೇ ತರಿಸಬೇಡಿ. ಹಳತಾದರೆ ಜಿಗುಟು ಹೋಗಿ ರೊಟ್ಟಿ ಬಡಿಯುವಾಗ ಒಡೆಯುತ್ತದೆ. ಕಾಳು ತರಿಸಿ ವಾರಕ್ಕೊಮ್ಮೆ ಬೀಸಿಸಿ. ನಮ್ಮೂರ ಗಿರಣಿಯವರು ಮೊದಲ ಸಲ ಮುಖ ಸಿಂಡರಿಸಿದರು, ಈಗ ಗುರುವಾರ ಜೋಳಕ್ಕೆಂದೇ ಒಂದು ಗಂಟೆ ಬಿಟ್ಟುಕೊಡುತ್ತಾರೆ.