ಚಲಾವಣೆ ತಪ್ಪಿದ ನೋಟುಗಳು

ಹಳೆಯ ನೋಟೊಂದನ್ನು ಪಳಗಿದ ಸಂಗ್ರಹಕಾರರ ಕೈಗೆ ಕೊಟ್ಟು ನೋಡಿ. ಚಿತ್ರ, ಇಸವಿ ಎಲ್ಲ ಆಮೇಲೆ. ಮೊದಲು ಅವರು ನೋಟನ್ನು ಬೆಳಕಿಗೆ ಹಿಡಿದು ಎಡ ಅಂಚಿನಲ್ಲಿ ಪಿನ್ನಿನ ತೂತುಗಳಿವೆಯೇ ಎಂದು ಹುಡುಕುತ್ತಾರೆ. ನೂರು ನೋಟಿನ ಕಂತೆಗೆ ದಪ್ಪ ಪಿನ್ನು ಹೊಡೆಯುವುದು ನಮ್ಮ ಬ್ಯಾಂಕುಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಹೊಸ ಕಂತೆ ಬಿಚ್ಚಲು ಕ್ಯಾಷಿಯರ್ ಪಡುತ್ತಿದ್ದ ಪಾಡು ನಡುವಯಸ್ಸು ದಾಟಿದವರಿಗೆ ನೆನಪಿರುತ್ತದೆ. 2001ರಲ್ಲಿ ರಿಸರ್ವ್ ಬ್ಯಾಂಕು ‘ಕ್ಲೀನ್ ನೋಟ್ ಪಾಲಿಸಿ’ಯಡಿ ಪಿನ್ನು ಬಿಟ್ಟು ಕಾಗದದ ಪಟ್ಟಿ ಸುತ್ತಿ ಎಂದು ಬ್ಯಾಂಕುಗಳಿಗೆ ತಾಕೀತು ಮಾಡಿತು. ಅದಕ್ಕೆ ಹಿಂದಿನ ನೋಟು ಎಷ್ಟೇ ಗರಿಗರಿಯಾಗಿರಲಿ, ಒಂದೆರಡು ತೂತು ಇದ್ದದ್ದೇ. ತೂತಿಲ್ಲದ್ದು ಸಿಕ್ಕರೆ ಅದರ ಬೆಲೆಯೇ ಬೇರೆ.

ಈ ಬಳಗದಲ್ಲಿ ದಿನಬಳಕೆಯ ಮಾತು ‘ಯುಎನ್‌ಸಿ’. ಅನ್‌ಸರ್ಕ್ಯುಲೇಟೆಡ್, ಅಂದರೆ ಯಾರ ಜೇಬಿಗೂ ಇಳಿಯದ, ಒಂದು ಮಡಿಕೆಯೂ ಬೀಳದ ನೋಟು. ನೋಟು ಇರುವುದೇ ಕೈಯಿಂದ ಕೈಗೆ ಓಡಾಡಲು. ಆ ಕೆಲಸವನ್ನು ನೆಟ್ಟಗೆ ಮಾಡಿದ ನೋಟು ಸವೆದು, ಮಾಸಿ, ಹರಿದು, ಕೊನೆಗೆ ರಿಸರ್ವ್ ಬ್ಯಾಂಕಿನ ಯಂತ್ರದಲ್ಲಿ ಚೂರುಚೂರಾಗುತ್ತದೆ. ಆಲ್ಬಮ್ಮಿನೊಳಗೆ ಹೋಗಿ ಕೂರುವುದು ಹೇಗೋ ಕೆಲಸ ತಪ್ಪಿಸಿಕೊಂಡ ನೋಟುಗಳು. ತಪ್ಪಾಗಿ ಅಚ್ಚಾದವು, ರದ್ದಾದವು, ಗಡಿ ಬದಲಾಗಿ ಅತಂತ್ರವಾದವು, ಹಡಗಿನ ಜೊತೆ ಮುಳುಗಿದವು. ಈ ಹವ್ಯಾಸದ ರುಚಿಯೆಲ್ಲ ಇರುವುದು ಈ ಸೋತ ನೋಟುಗಳಲ್ಲಿಯೇ ಎಂದು ನನ್ನ ಎಣಿಕೆ.

ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆ ಜನರಲ್ಲಿ ಗಟ್ಟಿಯಾಗಿದೆ. ಹಾಗೇನಿಲ್ಲ. ಒಂದೇ ಮುಖಬೆಲೆ, ಒಂದೇ ವಿನ್ಯಾಸದ ಎರಡು ನೋಟುಗಳಲ್ಲಿ ಒಂದನ್ನು ಯಾರೂ ಕೇಳದೆ, ಇನ್ನೊಂದಕ್ಕೆ ಹರಾಜಿನಲ್ಲಿ ಪೈಪೋಟಿ ಏಳುವುದುಂಟು. ವ್ಯತ್ಯಾಸ ಸಹಿಯಲ್ಲಿರುತ್ತದೆ. ರಿಸರ್ವ್ ಬ್ಯಾಂಕಿನ ಮೊದಲ ಗವರ್ನರ್ ಆಸ್ಬರ್ನ್ ಸ್ಮಿತ್ ಒಂದು ನೋಟಿಗೂ ಸಹಿ ಹಾಕಲಿಲ್ಲ. ಬ್ಯಾಂಕು ಹುಟ್ಟಿದ್ದು 1935ರಲ್ಲಿ, ಅದರ ಮೊದಲ ನೋಟು ಹೊರಬಿದ್ದದ್ದು 1938ರ ಜನವರಿಯಲ್ಲಿ. ಅಷ್ಟರಲ್ಲಿ ಕುರ್ಚಿಯ ಮೇಲೆ ಜೇಮ್ಸ್ ಟೇಲರ್ ಇದ್ದರು. 1970ರಲ್ಲಿ ಆರೇ ವಾರ ಗವರ್ನರ್ ಆಗಿದ್ದ ಬಿ.ಎನ್. ಅದಾರ್ಕರ್ ಅವರ ಸಹಿ ಗಾಂಧಿ ಶತಮಾನೋತ್ಸವ ಮಾಲಿಕೆಯ ನೋಟುಗಳ ಮೇಲಿದೆ. 1975ರಲ್ಲಿ ಮೂರು ತಿಂಗಳಿದ್ದ ಎನ್.ಸಿ. ಸೇನ್‌ಗುಪ್ತ ಅವರ ಸಹಿ ಸಿಗುವುದು ಸಾವಿರ ರೂಪಾಯಿ ನೋಟಿನ ಮೇಲೆ ಮಾತ್ರ. 1985ರಲ್ಲಿ ಇಪ್ಪತ್ತು ದಿನ ಆ ಕುರ್ಚಿಯಲ್ಲಿದ್ದ ಅಮಿತಾವ್ ಘೋಷ್ ಅವರಿಗೆ ಆ ಭಾಗ್ಯವೂ ಇಲ್ಲ. ಮನಮೋಹನ್ ಸಿಂಗ್ ಅವರದು ಬೇರೆಯೇ ಕತೆ. ಒಂದು ರೂಪಾಯಿ ನೋಟನ್ನು ಹೊರಡಿಸುವುದು ರಿಸರ್ವ್ ಬ್ಯಾಂಕಲ್ಲ, ಭಾರತ ಸರ್ಕಾರ. ಸಹಿ ಹಣಕಾಸು ಕಾರ್ಯದರ್ಶಿಯದು. ಸಿಂಗ್ ಮೊದಲು ಕಾರ್ಯದರ್ಶಿಯಾಗಿ ಒಂದು ರೂಪಾಯಿಗೆ, ಆಮೇಲೆ ಗವರ್ನರಾಗಿ ಉಳಿದ ನೋಟುಗಳಿಗೆ ಸಹಿ ಹಾಕಿದವರು. ಇನ್ನು ಗಣರಾಜ್ಯದ ಮೊದಮೊದಲ ನೋಟುಗಳ ಮೇಲೆ ಕಾಣುವ ಬಿ. ರಾಮರಾವ್ ದಕ್ಷಿಣ ಕನ್ನಡದ ಬೆನೆಗಲ್ ಮನೆತನದವರು. ಸಂವಿಧಾನದ ಕರಡಿಗೆ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಇವರ ಅಣ್ಣ.

ಹಿಂದಕ್ಕೆ ಹೋದಷ್ಟೂ ನೋಟು ಹೆಚ್ಚು ವಿಚಿತ್ರವಾಗುತ್ತ ಹೋಗುತ್ತದೆ. 1861ರ ಕಾಯ್ದೆಯ ಪ್ರಕಾರ ಬಂದ ಸರ್ಕಾರಿ ನೋಟುಗಳಿಗೆ ಒಂದೇ ಮಗ್ಗುಲಲ್ಲಿ ಅಚ್ಚು, ಹಿಂಬದಿ ಖಾಲಿ. ದೇಶವನ್ನು ‘ಸರ್ಕಲ್’ಗಳಾಗಿ ಹಂಚಿದ್ದರು, ಮದ್ರಾಸ್ ಸರ್ಕಲ್ಲಿನ ನೋಟು ಕಲ್ಕತ್ತೆಯಲ್ಲಿ ಕಾನೂನುಬದ್ಧ ಹಣವಲ್ಲ. ಅಂಚೆಯಲ್ಲಿ ಕಳಿಸುವಾಗ ಕಳ್ಳರ ಭಯಕ್ಕೆ ವರ್ತಕರು ನೋಟನ್ನು ನಡುವೆ ಕತ್ತರಿಸಿ ಮೊದಲು ಅರ್ಧ ಕಳಿಸುವರು. ಅದು ತಲುಪಿತೆಂದು ಕಾಗದ ಬಂದ ಮೇಲೆ ಉಳಿದರ್ಧ. ಎರಡೂ ತುಂಡುಗಳ ಮೇಲೆ ನಂಬರು ಇರುತ್ತಿದ್ದುದರಿಂದ ಅಂಟಿಸಿದರೆ ಮತ್ತೆ ನೋಟು. ಒಂದು ಪಿನ್ನಿನ ತೂತಿಗೆ ಮುಖ ಸಿಂಡರಿಸುವ ಅದೇ ಸಂಗ್ರಹಕಾರರು ನಡುವೆ ಗೋಂದಿನ ಗೆರೆಯುಳ್ಳ ಈ ನೋಟನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಇವರ ನ್ಯಾಯ ಇವರಿಗೆ!

ಮೊದಲ ಮಹಾಯುದ್ಧದ ಕಾಲಕ್ಕೆ ಬೆಳ್ಳಿಯ ಬೆಲೆ ಏರಿ, ನಾಣ್ಯಕ್ಕೆ ಬೆಳ್ಳಿ ಸಾಲದೆ 1917ರ ನವೆಂಬರ್ 30ರಂದು ಒಂದು ರೂಪಾಯಿ ನೋಟು ಹುಟ್ಟಿತು. ಬೆಳ್ಳಿ ರೂಪಾಯಿಯ ಬದಲು ಕಾಗದ ಕೊಟ್ಟರೆ ಜನ ನಂಬಬೇಕಲ್ಲ? ಅದಕ್ಕೇ ಏನೋ, ನೋಟಿನ ಮೂಲೆಯಲ್ಲಿ ಐದನೆಯ ಜಾರ್ಜ್ ದೊರೆಯ ರೂಪಾಯಿ ನಾಣ್ಯದ ಚಿತ್ರವನ್ನೇ ಅಚ್ಚು ಹಾಕಿದ್ದಾರೆ. ಇಪ್ಪತ್ತೈದು ನೋಟುಗಳನ್ನು ಚೆಕ್ ಪುಸ್ತಕದ ಹಾಗೆ ಹೊಲಿದು ಕೊಡುತ್ತಿದ್ದರು, ಒಂದೊಂದನ್ನೇ ಹರಿದುಕೊಳ್ಳಬೇಕು. ಪೂರ್ತಿ ಪುಸ್ತಕ ಈಗ ಸಿಗುವುದು ಅಪರೂಪದಲ್ಲಿ ಅಪರೂಪ. ಮರುವರ್ಷ ಜನವರಿಯಲ್ಲಿ ಎರಡೂವರೆ ರೂಪಾಯಿಯ ನೋಟೂ ಬಂತು: ಎರಡು ರೂಪಾಯಿ ಎಂಟಾಣೆ. ಯಾವ ಸರ್ಕಲ್ಲಿನದೆಂದು ಗುರುತಿಸಲು ಅದರ ಮೇಲೆ ಒಂದಕ್ಷರವಿದೆ. ‘ಎಂ’ ಇದ್ದರೆ ಮದ್ರಾಸಿನದು. ಎರಡೂ ನೋಟು 1926ಕ್ಕೆ ನಿಂತವು. ಒಂದು ರೂಪಾಯಿ 1940ರಲ್ಲಿ ಮರಳಿ ಬಂತು. ಎರಡೂವರೆಗೆ ಆ ಯೋಗ ಕೂಡಿಬರಲಿಲ್ಲ.

ಈ ನೋಟುಗಳೆಲ್ಲ ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರಬೇಕಿತ್ತು. 1918ರ ಜುಲೈನಲ್ಲಿ ಲಂಡನ್ನಿನಿಂದ ಮುಂಬಯಿಗೆ ಹೊರಟಿದ್ದ ‘ಶಿರಾಲಾ’ ಎಂಬ ಹಡಗನ್ನು ಜರ್ಮನ್ ಸಬ್‌ಮರೀನ್ ಮುಳುಗಿಸಿತು. ಅದರಲ್ಲಿದ್ದ ನೋಟುಗಳು ದಡಕ್ಕೆ ತೇಲಿಬಂದವು. ಹೆಚ್ಚಿನವನ್ನು ಸರ್ಕಾರ ನಾಶಮಾಡಿದರೂ ಅಲ್ಲಿಷ್ಟು ಇಲ್ಲಿಷ್ಟು ಜನರ ಕೈಯಲ್ಲಿ ಉಳಿದುಕೊಂಡವು. ಹಾಗೆ ಉಳಿದ ಎರಡು ಹತ್ತು ರೂಪಾಯಿ ನೋಟುಗಳು 2024ರಲ್ಲಿ ಲಂಡನ್ನಿನ ಹರಾಜಿಗೆ ಬಂದಿದ್ದವು.

ಇದಕ್ಕಿಂತ ನಮಗೆ ಹತ್ತಿರದ್ದು ‘ಈಜಿಪ್ಟ್’ ಹಡಗಿನ ಕತೆ. ಬೀದರ, ಕಲಬುರಗಿ, ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿದ್ದವು. ಅಲ್ಲಿ ನಡೆಯುತ್ತಿದ್ದುದು ಹೈದರಾಬಾದಿನ ಸ್ವಂತ ಹಣ, ‘ಹಾಲಿ’ ಸಿಕ್ಕಾ. ಬ್ರಿಟಿಷ್ ರೂಪಾಯಿಗೆ ‘ಕಲ್ದಾರ್’ ಎನ್ನುತ್ತಿದ್ದರು; ಆರು ಕಲ್ದಾರ್ ರೂಪಾಯಿಗೆ ಸುಮಾರು ಏಳು ಹಾಲಿ ರೂಪಾಯಿ ಸಮ. 1918ರಲ್ಲಿ ನಿಜಾಮರ ಸರ್ಕಾರ ಸ್ವಂತ ನೋಟು ಹೊರಡಿಸಲು ಕಾಯ್ದೆ ಮಾಡಿತು. ಲಂಡನ್ನಿನ ವಾಟರ್‌ಲೋ ಅಂಡ್ ಸನ್ಸ್ ಮುದ್ರಿಸಿಕೊಟ್ಟ ಆ ನೋಟುಗಳ ಮೇಲೆ ಉರ್ದುವಿನ ಜೊತೆ ಇಂಗ್ಲಿಷ್, ತೆಲುಗು, ಮರಾಠಿ, ಕನ್ನಡ ಇದ್ದವು. ಆಡಳಿತದಲ್ಲಿ, ಶಾಲೆಯಲ್ಲಿ ಉರ್ದುವೇ ಮುಂದಿದ್ದ ಕಾಲಕ್ಕೆ ಸಂತೆಗೆ ಹೋದ ರೈತನ ಕೈಯಲ್ಲಿ ಕನ್ನಡದ ಅಕ್ಷರವಿದ್ದ ಸರ್ಕಾರಿ ಕಾಗದ ಇತ್ತೆಂದರೆ ಸಣ್ಣ ಮಾತಲ್ಲ. ಈ ನೋಟುಗಳಿಗೆ ಸಹಿ ಬೀಳುತ್ತಿದ್ದುದು ಹೈದರಾಬಾದಿಗೆ ಬಂದಮೇಲೆ.

1922ರ ಮೇ 20ರಂದು ಫ್ರಾನ್ಸಿನ ಕರಾವಳಿಯಾಚೆ ದಟ್ಟ ಮಂಜಿನಲ್ಲಿ ಫ್ರೆಂಚ್ ಸರಕು ಹಡಗು ‘ಸೇನ್’ ಬಂದು ಗುದ್ದಿ, ಮುಂಬಯಿಗೆ ಹೊರಟಿದ್ದ ‘ಈಜಿಪ್ಟ್’ ಮುಳುಗಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಹತ್ತು ಲಕ್ಷ ಪೌಂಡಿಗೂ ಮಿಕ್ಕ ಬೆಲೆಯ ಚಿನ್ನ, ಬೆಳ್ಳಿಯ ಜೊತೆ ನಿಜಾಮರ ಸಹಿಯಿಲ್ಲದ ನೋಟುಗಳೂ ಕಡಲಿನ ತಳ ಸೇರಿದವು. ಆ ಆಳದಲ್ಲಿ ಕೆಲಸ ಮಾಡಿದ ಮುಳುಗುಗಾರರು ಅದುವರೆಗೆ ಇರಲಿಲ್ಲ. ಇಟಲಿಯ ಕಂಪನಿಯೊಂದು ‘ಆರ್ತಿಲ್ಯೋ’ ಎಂಬ ಹಡಗಿನಲ್ಲಿ ವರ್ಷಗಟ್ಟಲೆ ಹುಡುಕಿ 1930ರಲ್ಲಿ ಅವಶೇಷವನ್ನು ಪತ್ತೆಹಚ್ಚಿತು. ಅದೇ ವರ್ಷದ ಕೊನೆಗೆ ಮುಳುಗಿದ್ದ ಇನ್ನೊಂದು ಹಡಗನ್ನು ಸಿಡಿಸುವಾಗ ‘ಆರ್ತಿಲ್ಯೋ’ ತಾನೇ ಸ್ಫೋಟಕ್ಕೆ ಸಿಕ್ಕಿ ಮುಳುಗಿತು. ಕಂಪನಿ ಬಿಡಲಿಲ್ಲ. ಬೇರೊಂದು ಹಡಗು ತಂದು 1932ರಲ್ಲಿ ಚಿನ್ನ ಎತ್ತಿತು. ಚಿನ್ನದ ಸಂಗಡ ನೋಟುಗಳೂ ಮೇಲೆ ಬಂದವು. ಸಹಿಯಿಲ್ಲ, ಅಂಚು ಕರಗಿದೆ, ಬಣ್ಣ ಕಲೆಸಿದೆ. ಹಣವಾಗಿ ಹುಟ್ಟುವ ಮೊದಲೇ ಸತ್ತ ಈ ನೋಟುಗಳಿಗೆ ಸಂಗ್ರಹಕಾರರ ಲೋಕದಲ್ಲಿ ದೊಡ್ಡ ಮರ್ಯಾದೆ.

ಗಡಿ ಬದಲಾದಾಗ ಹುಟ್ಟಿದ ವಿಚಿತ್ರಗಳೂ ಕಡಿಮೆಯಿಲ್ಲ. ದೇಶ ಇಬ್ಭಾಗವಾದ ಮೇಲೂ ಕೆಲಕಾಲ ಪಾಕಿಸ್ತಾನಕ್ಕೆ ನೋಟು ಒದಗಿಸಿದ್ದು ರಿಸರ್ವ್ ಬ್ಯಾಂಕೇ. 1948ರಲ್ಲಿ ನಾಸಿಕದಲ್ಲಿ ಅಚ್ಚಾದ ಆ ನೋಟಿನ ಮೇಲೆ ಬ್ರಿಟಿಷ್ ದೊರೆಯ ಮುಖ, ರಿಸರ್ವ್ ಬ್ಯಾಂಕ್ ಆಫ್ ಇಂಡಿಯಾದ ಹೆಸರು, ಜೊತೆಗೆ ಇಂಗ್ಲಿಷ್ ಮತ್ತು ಉರ್ದುವಿನಲ್ಲಿ ‘ಪಾಕಿಸ್ತಾನ ಸರ್ಕಾರ’ ಎಂಬ ಒಕ್ಕಣೆ. ಮೂರು ಒಡೆತನ ಒಂದೇ ಕಾಗದದಲ್ಲಿ. ಇನ್ನೊಂದು, ಕೊಲ್ಲಿಯ ನೋಟು. ಕುವೈತ್, ಬಹರೇನ್, ಕತಾರ್ ಕಡೆಯೆಲ್ಲ ಭಾರತದ ರೂಪಾಯಿಯೇ ನಡೆಯುತ್ತಿದ್ದ ಕಾಲವೊಂದಿತ್ತು. ಆ ದಾರಿಯಲ್ಲಿ ಚಿನ್ನದ ಕಳ್ಳಸಾಗಣೆ ಜೋರಾಗಿ ವಿದೇಶಿ ವಿನಿಮಯ ಸೋರತೊಡಗಿತು. 1959ರಲ್ಲಿ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಹೊರಡಿಸಿದರು. ಒಂದು ರೂಪಾಯಿ ಕೆಂಪು, ನೂರು ಹಸಿರು, ನಂಬರಿನ ಮುಂದೆ ‘ಝಡ್’. 1966ರಲ್ಲಿ ರೂಪಾಯಿ ಅಪಮೌಲ್ಯವಾದದ್ದೇ ತಡ, ಉಳಿದಿದ್ದ ಸಂಸ್ಥಾನಗಳೂ ಒಂದೊಂದಾಗಿ ಕೈಬಿಟ್ಟವು. ಹಜ್ ಯಾತ್ರಿಕರಿಗೂ ‘ಎಚ್‌ಎ’ ಎಂದು ನಂಬರು ಶುರುವಾಗುವ ಪ್ರತ್ಯೇಕ ನೋಟುಗಳಿದ್ದವು.

ಇವನ್ನೆಲ್ಲ ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿನ ಬ್ರಂಟನ್ ರಸ್ತೆಯಲ್ಲಿ ಭಾರತೀಯ ಕಾಗದದ ಹಣಕ್ಕೆಂದೇ ಒಂದು ಮ್ಯೂಸಿಯಂ ಇದೆ. ಪ್ರೆಸ್ಟೀಜ್ ಸಮೂಹದ ರೆಜ್ವಾನ್ ರಜಾಕ್ ದಶಕಗಳಿಂದ ಕೂಡಿಸಿದ ಸಂಗ್ರಹವದು, 2020ರಲ್ಲಿ ತೆರೆಯಿತು. ಕಿಶೋರ್ ಝುನ್‌ಝುನ್‌ವಾಲಾ ಅವರ ಜೊತೆ ರಜಾಕ್ ಬರೆದ ಕೈಪಿಡಿಯನ್ನು ವ್ಯಾಪಾರಿಗಳೂ ಹರಾಜಿನವರೂ ಪ್ರಮಾಣವೆಂದೇ ಇಟ್ಟುಕೊಂಡಿದ್ದಾರೆ.

ದುಡ್ಡಿಲ್ಲದವರಿಗೆ ಈ ಹವ್ಯಾಸ ಇಲ್ಲವೇ? ಇದೆ, ಇಂದು ಅಂಗಡಿಯವನು ಕೊಟ್ಟ ಚಿಲ್ಲರೆಯಲ್ಲಿಯೇ ಇದೆ. ಮೈಸೂರೋ ನಾಸಿಕವೋ, ಮುದ್ರಣಾಲಯದಲ್ಲಿ ಕೆಟ್ಟ ನೋಟು ಕಂಡರೆ ತೆಗೆದುಹಾಕಿ ಅದೇ ನಂಬರಿನ ಇನ್ನೊಂದನ್ನು ಸೇರಿಸುವುದು ಹಿಂದಿನ ಕ್ರಮ. 2006ರಿಂದ ಬದಲಿ ನೋಟಿನ ನಂಬರಿನಲ್ಲಿ ನಕ್ಷತ್ರ ಇರುತ್ತದೆ. ಅದನ್ನು ಖೋಟಾ ಎಂದು ಹಿಂದಿರುಗಿಸಿದವರೂ ಇದ್ದಾರೆ, ಹುಡುಕಿಕೊಂಡು ಅಲೆಯುವವರೂ ಇದ್ದಾರೆ. ಕೆಲವರಿಗೆ 786 ಬೇಕು, ಕೆಲವರಿಗೆ ಮಗಳು ಹುಟ್ಟಿದ ದಿನ, ತಿಂಗಳು, ಇಸವಿ ಜೋಡಿಸಿದರೆ ಬರುವ ಆರಂಕಿ ಬೇಕು. ನೋಟಿನ ಮೇಲಿನ ಪೆನ್ನಿನ ಗೀಟು ಅಳಿಸಲು, ಸೆಲ್ಲೋಟೇಪ್ ಹಚ್ಚಲು, ಮಡಿಕೆ ಹೋಗಲೆಂದು ಇಸ್ತ್ರಿ ಹಾಕಲು ಮಾತ್ರ ಹೋಗಬೇಡಿ. ಅಗ್ಗದ ಪಿವಿಸಿ ಹಾಳೆಯ ಆಲ್ಬಮ್ ಕೂಡ ವರ್ಷಗಳಲ್ಲಿ ಕಾಗದವನ್ನು ತಿನ್ನುತ್ತದೆ. ಪಾಲಿಯೆಸ್ಟರ್ ಕವರು ತುಸು ತುಟ್ಟಿಯಾದರೂ ಲೇಸು.

ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಎನ್ನುವ ಜಾಹೀರಾತು ಮೊಬೈಲಿಗೆ ಬಂದರೆ ಅಲ್ಲಿಗೇ ಬಿಡಿ. ಕೋಟ್ಯಂತರ ಅಚ್ಚಾದ ನೋಟದು. ಮೊದಲು ಕಮಿಷನ್ನು, ತೆರಿಗೆ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲೇ ಹಣ ಕೀಳುವವರ ಬಗ್ಗೆ 2021ರ ಆಗಸ್ಟಿನಲ್ಲಿ ಬ್ಯಾಂಕು ತಾನೇ ಎಚ್ಚರಿಕೆ ಕೊಟ್ಟಿದೆ. 2016ರಲ್ಲಿ ರದ್ದಾದ 500, 1000ದ ನೋಟುಗಳಿಗೆ ಬೇರೆ ಕಾನೂನಿದೆ. 2017ರ ಕಾಯ್ದೆಯಂತೆ ಅವನ್ನು ಸಾಮಾನ್ಯರು ಹತ್ತರವರೆಗೆ ಇಟ್ಟುಕೊಳ್ಳಬಹುದು. ಅಧ್ಯಯನಕ್ಕೆ, ಸಂಶೋಧನೆಗೆ, ಸಂಗ್ರಹಕ್ಕೆ ಎಂದಾದರೆ 25ರವರೆಗೆ. ಇಪ್ಪತ್ತಾರನೆಯದು ಸಿಕ್ಕಿಬಿದ್ದರೆ ದಂಡ ಹತ್ತು ಸಾವಿರ ರೂಪಾಯಿವರೆಗೆ, ಇಲ್ಲವೇ ನೋಟುಗಳ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅದು. ಕಟ್ಟುವಾಗ ಚಲಾವಣೆಯ ನೋಟೇ ಆಗಬೇಕು.