ಕಾಣದ ಜಾಗವನ್ನು ಕಾಣಿಸುವ ಮಿದುಳು

ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. 1933ರಲ್ಲಿ ಕೊಲ್ಹಾಪುರ ಬಿಟ್ಟು ಬಂದ ಪ್ರಭಾತ್ ಕಂಪನಿಯ ಸ್ಟುಡಿಯೋ ಜಾಗದಲ್ಲೇ ಅದು 1960ರಲ್ಲಿ ಶುರುವಾಯ್ತು. ನಮ್ಮ ಬಾನು ಮುಷ್ತಾಕ್ ಅವರ ಕಥೆಯಿಂದ 'ಹಸೀನಾ' ಚಿತ್ರ ಮಾಡಿದ ಗಿರೀಶ್ ಕಾಸರವಳ್ಳಿ ಸಿನಿಮಾ ಕಲಿತದ್ದು ಇಲ್ಲೇ. ಅಲ್ಲಿನ ವಿದ್ಯಾರ್ಥಿಗಳಿಗೆ ಗೊತ್ತಿರುವ ಒಂದು ಸಂಗತಿ ಟಿಕೆಟ್ ಕೊಂಡು ಕೂತ ನಮಗೆ ಹೊಳೆಯೋದೇ ಇಲ್ಲ. ಹಳೆಯ ರೀಲ್ ಸಿನಿಮಾ ಓಡುವಾಗ ಹೆಚ್ಚುಕಮ್ಮಿ ಅರ್ಧ ಹೊತ್ತು ಪರದೆ ಕತ್ತಲಾಗಿರುತ್ತದೆ!

ಸೆಕೆಂಡಿಗೆ 24 ಸ್ಥಿರ ಚಿತ್ರಗಳು. ಒಂದು ಹೋಗಿ ಇನ್ನೊಂದು ಬರುವಾಗ ಪ್ರೊಜೆಕ್ಟರಿನ ಮುಚ್ಚಳ ಬೆಳಕನ್ನು ತಡೆಯುತ್ತದೆ. ಚಲನೆ ರೀಲಿನಲ್ಲಿ ಇಲ್ಲ. ಚಿತ್ರಗಳ ನಡುವಿನ ಖಾಲಿಯನ್ನು ತುಂಬಿ ಅದನ್ನು ಹುಟ್ಟಿಸುವುದು ನಿಮ್ಮ ಮಿದುಳು.

ಸಿನಿಮಾ ಬಿಡಿ, ನಮ್ಮ ಕಣ್ಣಲ್ಲೇ ಒಂದು ಖಾಲಿ ಜಾಗ ಇದೆ. ಗೆರೆ ಹಾಕಿದ ಹಾಳೆಯ ಒಂದೇ ಗೆರೆಯ ಮೇಲೆ 8 ಸೆಂಟಿಮೀಟರ್ ದೂರದಲ್ಲಿ ಎರಡು ಗುರುತು ಮಾಡಿ, ಎಡಕ್ಕೆ ಕೂಡಿಸುವ ಚಿಹ್ನೆ, ಬಲಕ್ಕೆ ಒಂದು ಚುಕ್ಕೆ. ಎಡಗಣ್ಣು ಮುಚ್ಚಿ, ಬಲಗಣ್ಣಿಂದ ಚಿಹ್ನೆಯನ್ನೇ ನೋಡುತ್ತಾ ಹಾಳೆಯನ್ನು ಮೆಲ್ಲಗೆ ಹಿಂದೆ ಮುಂದೆ ಸರಿಸಿ. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯ. ಅಲ್ಲಿ ತೂತು ಕಾಣುತ್ತಾ? ಇಲ್ಲ, ಗೆರೆ ಏನೂ ಆಗದಂತೆ ಮುಂದುವರಿದಿರುತ್ತೆ. ದೃಷ್ಟಿ ನರ ಕಣ್ಣಿಂದ ಹೊರಬೀಳುವ ಕಡೆ ಬೆಳಕು ಹಿಡಿಯುವ ಜೀವಕೋಶಗಳೇ ಇಲ್ಲ. ಈ ಕುರುಡು ಚುಕ್ಕೆಯನ್ನು 1660ರ ದಶಕದಲ್ಲಿ ಪತ್ತೆ ಮಾಡಿದವರು ಫ್ರಾನ್ಸಿನ ಮಾರಿಯೊಟ್. ಅದು ಚಿಕ್ಕದೇನಲ್ಲ, ಸಾಲಾಗಿ ಇಟ್ಟ ಹತ್ತು ಹುಣ್ಣಿಮೆ ಚಂದ್ರರು ಅದರೊಳಗೆ ಅಡಗಬಹುದು. ಸುತ್ತಮುತ್ತಲಿನ ಬಣ್ಣ, ಗೆರೆ ನೋಡಿ ಮಿದುಳು ಅಂದಾಜಿನಲ್ಲಿ ತೇಪೆ ಹಾಕುತ್ತೆ.

ನೋಡುವುದರಲ್ಲಿ ಅಂದಾಜಿನ ಪಾಲು ಇದೆಯೆಂದು ಮೊದಲೇ ಗುರುತಿಸಿದವರಲ್ಲಿ ಬಸ್ರಾದ ಇಬ್ನುಲ್ ಹೈಸಮ್ ಒಬ್ಬರು. ಸಾವಿರ ವರ್ಷಗಳ ಹಿಂದೆ 'ಕಿತಾಬುಲ್ ಮನಾಝಿರ್'ನಲ್ಲಿ, ಕಂಡದ್ದನ್ನು ಮನಸ್ಸು ತೂಗಿ ತೀರ್ಮಾನಿಸುತ್ತದೆ, ಅದು ಎಷ್ಟು ಬೇಗ ಎಂದರೆ ನಮ್ಮ ಅರಿವಿಗೇ ಬರುವುದಿಲ್ಲ ಎಂದು ಅವರು ವಿವರಿಸಿದ್ದಾರೆ. ಅವರ ಹೆಸರನ್ನು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ, ಈ ಮಾತನ್ನು ಮಾತ್ರ ಯಾರೂ ಎತ್ತೋದಿಲ್ಲ.

ಇದೇ ತೇಪೆ ಕೆಲಸ ಒಂದು ಕಾಯಿಲೆಯನ್ನು ಮುಚ್ಚಿಡುತ್ತೆ. ವೈದ್ಯರು ಗ್ಲಾಕೋಮಾ ಅನ್ನುತ್ತಾರೆ, ಪುಣೆಯ ಮರಾಠಿಯಲ್ಲಿ ಕಾಚಬಿಂದು, ನಮ್ಮ ಮನೆಗಳ ಉರ್ದುವಿನಲ್ಲಿ ಕಾಲಾ ಮೋತಿಯಾ. ದೃಷ್ಟಿ ನರ ನಿಧಾನಕ್ಕೆ ಸಾಯುತ್ತಾ ಹೋಗುತ್ತದೆ. ಸಾಮಾನ್ಯ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ. ಪತ್ರಿಕೆ ಓದಬಹುದು, ಸೂಜಿಗೆ ದಾರ ಪೋಣಿಸಬಹುದು, ಯಾಕೆಂದರೆ ನಟ್ಟನಡುವಿನ ನೋಟ ಸಾಮಾನ್ಯವಾಗಿ ಕೊನೆವರೆಗೂ ಉಳಿದಿರುತ್ತೆ. ಅಂಚಿನಲ್ಲಿ ಸತ್ತ ಜಾಗಗಳಿಗೆ ಮಿದುಳು ರಸ್ತೆಯನ್ನೋ ಗೋಡೆಯನ್ನೋ ಬಳಿದುಬಿಡುತ್ತೆ. ದ್ವಿಚಕ್ರ ವಾಹನಗಳಿಂದ ತುಂಬಿದ ಪುಣೆಯ ಸರ್ಕಲ್ ಒಂದನ್ನು ದಾಟುವವರಿಗೆ ಇದರ ಅರ್ಥ, ಪಕ್ಕದಿಂದ ಬರುವ ಸ್ಕೂಟರ್ ಕಾಣಬೇಕಾದ ಕಡೆ ಬರೀ ಖಾಲಿ ರಸ್ತೆ ಕಾಣೋದು.

ಹೋದ ದೃಷ್ಟಿ ವಾಪಸ್ ಬರಲ್ಲ. ಉಳಿದದ್ದನ್ನು ಹನಿ ಔಷಧಿ, ಲೇಸರ್ ಅಥವಾ ಆಪರೇಷನ್‌ನಿಂದ ಕಾಯಬಹುದು. ಆದ್ದರಿಂದ ನಲವತ್ತು ದಾಟಿದವರು, ಅದರಲ್ಲೂ ತಂದೆ ತಾಯಿ, ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಯಾರಿಗಾದರೂ ಇದು ಇದ್ದವರು, ಕನ್ನಡಕದ ನಂಬರಿಗಷ್ಟೇ ತೃಪ್ತರಾಗದೆ ಕಣ್ಣಿನ ಒತ್ತಡ ಮತ್ತು ನರ ನೋಡಿಸಿಕೊಳ್ಳಿ. ಸಂಶಯ ಬಂದರೆ ಡಾಕ್ಟರು ಇನ್ನೊಂದು ಪರೀಕ್ಷೆ ಮಾಡಿಸುತ್ತಾರೆ. ಒಂದು ಬಟ್ಟಲಿನಂಥ ಯಂತ್ರದೊಳಗೆ ನೋಡುತ್ತಾ, ಬೆಳಕಿನ ಚುಕ್ಕೆ ಕಂಡಾಗೆಲ್ಲ ಗುಂಡಿ ಒತ್ತಬೇಕು. ಕಾಣದೆ ಬಿಟ್ಟ ಜಾಗಗಳು ಕೊನೆಗೆ ಕಾಗದದ ಮೇಲೆ ಕಪ್ಪಾಗಿ ಬರುತ್ತವೆ. ಮಿದುಳಿನ ತೇಪೆ ಆ ಕಾಗದಕ್ಕೆ ತಲುಪೋದಿಲ್ಲ.